ಮ್ಯೂಸಿಯಂ ಗೈಡಮ್ಮ
ಬೇಸಿಗೆ ರಜೆ ಬಂತೆಂದರೆ ನಮ್ಮೂರ ಮ್ಯೂಸಿಯಂನ ಗೈಡಮ್ಮನ ಬಾಯಿಗೆ ಬಿಡುವೇ ಇಲ್ಲ. ತುಕ್ಕು ಹಿಡಿದ ಬೀಗ ಕಂಡರೆ ಅದಕ್ಕೊಬ್ಬ ಕಳ್ಳನನ್ನು ಹುಟ್ಟಿಸುತ್ತಾರೆ, ಬಾಯೊಡೆದ ಹೂಜಿಗೂ ಮೂರು ಮದುವೆ ಮಾಡಿಸಿಬಿಡುತ್ತಾರೆ. "ಇತಿಹಾಸ ಅಂದ್ರೆ ಅಜ್ಜಿಯರ ಹರಟೆ ಕಣ್ರೋ, ಕಿವಿ ಕೊಡಿ" ಎಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಈ ಬೇಸಿಗೆಯ ಪ್ರದರ್ಶನ ನಲವತ್ತು ವರ್ಷದ ಹಿಂದೆ ನದಿಯಲ್ಲಿ ಮುಳುಗಿದ ಲಾಂಚಿನದು. ಅಲ್ಲಿ ತೂಗುಹಾಕಿದ ಸತ್ತವರ ಪಟ್ಟಿಯ ಮುಂದೆ ಮಾತ್ರ ಆಕೆ "ಮುಂದೆ ನಡೀರಿ" ಎಂದಷ್ಟೇ ಹೇಳುತ್ತಿದ್ದರು. ನಿನ್ನೆ ಒಬ್ಬಳು ಹುಡುಗಿ ಆಕೆಯ ಎದೆಯ ಬ್ಯಾಡ್ಜನ್ನೂ ಪಟ್ಟಿಯನ್ನೂ ಓದಿ, "ಆಂಟಿ, ಇಲ್ಲಿ ನಿಮ್ಮ ಹೆಸರೇ ಇದೆಯಲ್ಲಾ!" ಎಂದಳು. ಗೈಡಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಪುಟ್ಟಿ, ಅವತ್ತು ನನ್ನ ಲಾಂಚ್ ಪಾಸು ಹಿಡ್ಕೊಂಡು ಹೋಗಿದ್ದು ನಮ್ಮಕ್ಕ. ಪಟ್ಟಿ ತಿದ್ದಿಸೋಕೆ ಅಮ್ಮ ಬಿಡ್ಲಿಲ್ಲ. ಸಾಯೋವರೆಗೂ ನನ್ನನ್ನ ಅಕ್ಕನ ಹೆಸರು ಹಿಡಿದೇ ಕರೀತಿದ್ಲು."