ಮೂವತ್ತೆಂಟು ಸೆಕೆಂಡಿಗೆ ಸಹಿ ಹಾಕಿದ ಅನುಶ್ರೀ

ಬೆಳಗಿನ ಆರು ಗಂಟೆ. ಹಾಸನದ ಬಸ್ ನಿಲ್ದಾಣದ ಹಿಂದಿನ ರಿಪೇರಿ ಅಂಗಡಿಯಲ್ಲಿ ಅನುಶ್ರೀ ಆಗಲೇ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದಾರೆ. ಏಳಕ್ಕೆ ಕರೆಂಟ್ ಹೋಗುತ್ತದೆ. ಅಷ್ಟರೊಳಗೆ ಎರಡು ಹಾರ್ಡ್ ಡಿಸ್ಕ್‌ಗಳ ವೇಗ ಅಳೆಯಬೇಕು. ಒಂದಕ್ಕೆ ಮೂರು ಬೆರಳಗಲದ ಹಳೇ ಐಡಿಇ ಕೇಬಲ್, ಇನ್ನೊಂದಕ್ಕೆ ಕಿರುಬೆರಳಿಗಿಂತ ಸಣ್ಣದಾದ ಹೊಸ ಸಾಟಾ ಕೇಬಲ್.

ದುದ್ದದಿಂದ ಮೊದಲ ಬಸ್ಸಿಗೆ ಬರುವ ಇವರಿಗೆ ಈ ಕೆಲಸದಲ್ಲಿ ಎಂಟು ವರ್ಷ. ದಿನಕ್ಕೆ ಆರೇಳು ಕಂಪ್ಯೂಟರ್ ಇವರ ಕೈಯಲ್ಲಿ ರಿಪೇರಿಯಾಗುತ್ತವೆ. ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದ್ದು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಅಪ್ಪ. ಆದರೂ ಈ 2005ರಲ್ಲೂ ಗಿರಾಕಿಗಳು ಒಳಗೆ ಬಂದು, "ಮೆಕ್ಯಾನಿಕ್ ಎಲ್ಲಮ್ಮ?" ಎಂದು ಅವರನ್ನೇ ಕೇಳುತ್ತಾರೆ.

ಅರಕಲಗೂಡಿನ ಒಂದು ಹೆಣ್ಣುಮಕ್ಕಳ ತರಬೇತಿ ಕೇಂದ್ರದಲ್ಲಿ ಹನ್ನೆರಡು ಹಳೇ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿವೆ. ಅವನ್ನೆಲ್ಲ ಗುಜರಿಗೆ ಹಾಕಿ ನಾಲ್ಕು ಹೊಸದು ತರಿಸಲು ಮಾರಾಟದ ಏಜೆಂಟ್ ಜಯಂತ್ ಸಮಿತಿಯನ್ನು ಒಪ್ಪಿಸಿದ್ದಾನೆ. ಹಳೇ ಕೇಬಲ್ಲಿಗೆ ಸೆಕೆಂಡಿಗೆ ನೂರು ಎಂಬಿ ವೇಗ, ಹೊಸದಕ್ಕೆ ನೂರೈವತ್ತು ಎಂದು ಡಬ್ಬದ ಮೇಲೆ ಅಚ್ಚಾಗಿದೆಯಲ್ಲ, ಅದೇ ಅವನ ಸಾಕ್ಷಿ! ಸಮಿತಿಯೆದುರು ಮಾಡಿಯೂ ತೋರಿಸಿದ್ದಾನೆ: ಕಂಠಪೂರ್ತಿ ತುಂಬಿದ ಹಳೇ ಡಿಸ್ಕಿಗೂ ಖಾಲಿ ಹೊಸ ಡಿಸ್ಕಿಗೂ ಪಂದ್ಯ. ತುಂಬಿದ ಡಿಸ್ಕ್ ಹೇಗೂ ನಿಧಾನ. ಇದನ್ನು ಮೋಸ ಎನ್ನದೆ ಇನ್ನೇನೆನ್ನಲಿ? ನಾಲ್ಕು ಕಂಪ್ಯೂಟರಿನ ಮುಂದೆ ಮೂವತ್ತು ಹುಡುಗಿಯರು ಕಲಿಯುವುದಾದರೂ ಹೇಗೆ? ನೆನೆದರೆ ಮೈ ಉರಿಯುತ್ತದೆ.

ಗುಜರಿಗೆ ಹಾಕಲು ಮೆಕ್ಯಾನಿಕ್ ಸಹಿ ಬೇಕು. ಅದಕ್ಕೇ ಕಾಗದ ಅನುಶ್ರೀ ಹತ್ತಿರ ಬಂದಿದೆ.

ಅವರು ಒಂದೇ ಕಂಪನಿಯ, ಒಂದೇ ಅಳತೆಯ ಎರಡೂ ಡಿಸ್ಕ್ ಖಾಲಿ ಮಾಡಿ, ಒಂದೇ ಕಂಪ್ಯೂಟರಿಗೆ ಸರದಿಯಲ್ಲಿ ಸಿಕ್ಕಿಸಿ, ಅದೇ ಫೈಲನ್ನು ಮೂರು ಮೂರು ಸಲ ಕಾಪಿ ಮಾಡುತ್ತಾರೆ. ಕೈಯಲ್ಲಿ ಪಿ.ಟಿ. ಮೇಷ್ಟ್ರಿಂದ ಕೇಳಿ ತಂದ ಸ್ಟಾಪ್‌ವಾಚ್. ಹಳೇದಕ್ಕೆ ಮೂವತ್ತೆಂಟು ಸೆಕೆಂಡ್. ಹೊಸದಕ್ಕೆ ಮೂವತ್ತೇಳು.

"ಪೈಪ್ ದಪ್ಪ ಆಕ್ಬುಟ್ರೆ ನೀರು ಜಾಸ್ತಿ ಬತ್ತದಾ ಸಾ? ಪಂಪು ಎಷ್ಟು ಎತ್ತುತ್ತೋ ಅಷ್ಟೇಯ. ಇಲ್ಲೂ ಡಿಸ್ಕಿನ ಒಳಗಿನ ತಟ್ಟೆ ತಿರುಗಿ ಎಷ್ಟು ಕೊಡ್ತದೋ ಅಷ್ಟೇ. ಒಸ ಕೇಬಲ್ ಕೆಟ್ಟದ್ದು ಅಂತ ನಾನಂದಿಲ್ಲ. ತೆಳ್ಳಗದೆ, ಒಳಗೆ ಗಾಳಿ ಆಡ್ತದೆ. ಅದುಕ್ಕೆ ಓಡ್ತಿರೋವ್ನ ಗುಜರಿಗಾಕದಾ?" ಎಂದು ಅನುಶ್ರೀ ವರದಿಗೆ ಬಂದ ನನ್ನನ್ನೇ ಕೇಳುತ್ತಾರೆ.

ಕಾಗದದಲ್ಲಿ ಆ ಎರಡು ಅಂಕಿ ಬರೆದು ಸಹಿ ಹಾಕುತ್ತಾರೆ. ಹತ್ತು ಗಂಟೆಗೆ ಬಂದ ಸಮಿತಿ ಅಧ್ಯಕ್ಷ ಗಂಗಯ್ಯ ಓದಿ ಕೆಂಡಾಮಂಡಲ. "ಸಹಿ ಆಕು ಅಂದ್ರೆ ಲೆಕ್ಕ ಬರ್ದವ್ಳೆ! ಚನ್ನರಾಯಪಟ್ಟಣದಲ್ಲಿ ಬ್ಯಾರೆ ಮೆಕ್ಯಾನಿಕ್ ಇಲ್ವಾ?" ಎಂದು ಕಾಗದವನ್ನು ಬೆಂಚಿನ ಮೇಲೆಸೆದು ಹೋಗುತ್ತಾರೆ.

ಬೇರೆಯವರು ಸಹಿ ಹಾಕಿಯೇ ಬಿಟ್ಟರೆ? ಅನುಶ್ರೀ ಕಾಗದ ಮಡಚಿ, ಸ್ಟಾಪ್‌ವಾಚ್ ಜೊತೆ ಚೀಲಕ್ಕೆ ಹಾಕಿಕೊಂಡು ಅರಕಲಗೂಡಿನ ಬಸ್ಸಿಗೆ ಹೊರಡುತ್ತಾರೆ.

"ನಂಗೇನೂ ಬ್ಯಾಡ ಸಾ. ಆ ಏಜೆಂಟು ಒಂದ್ಸಲ ಆ ಮಕ್ಳ ಮುಂದೆ ನಿಂತ್ಕಳ್ಳಿ. ವಾಚು ಅವ್ನ ಕೈಗೇ ಕೊಡ್ತೀನಿ. ಅವ್ನೇ ಒತ್ಲಿ, ಅವ್ನೇ ನಿಲ್ಲಿಸ್ಲಿ."