ನನ್ನ ಹೆಸರಿನ ಮೇಲೆ ಒಂದು ಗೆರೆ

ಸೇತುವೆ ಪರೀಕ್ಷೆ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ನೋಡಬೇಕು, ಇನ್ನೊಬ್ಬರು ಬರೆಯಬೇಕು. ನೋಡುವವರು ಸಣ್ಣ ಸುತ್ತಿಗೆಯಿಂದ ಕಾಂಕ್ರೀಟನ್ನು ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ನಿಂತು, "ಎರಡನೇ ಕಂಬ, ಉತ್ತರದ ಮುಖ, ಬಿರುಕು, ಒಂದು ಗೇಣು" ಎಂದು ಕೂಗಬೇಕು. ಬರೆಯುವವರು ತಲೆ ಎತ್ತದೆ ಬರೆದು "ಬರ್ಕೊಂಡೆ" ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ನೋಡುವವರು ಮುಂದಿನ ಕಂಬಕ್ಕೆ ಹೋಗುವಂತಿಲ್ಲ. ನೆದರ್ಲೆಂಡ್ಸಿನ ಎನ್ಸ್‌ಕೆಡೆ ಊರಿನ ಸುತ್ತಮುತ್ತಲಿನ ಸೇತುವೆಗಳ ಕೆಳಗೆ ಹತ್ತು ವರ್ಷ ನಾನು ಹೀಗೆ ಕೂಗಿದ್ದೇನೆ, ನನ್ನ ಗೆಳತಿ ಹೀಗೆ ಬರೆದುಕೊಂಡಿದ್ದಾಳೆ. ನಾನು ಧಾರವಾಡದವಳು, ಅವಳು ಮೈಸೂರಿನವಳು. ಒಂದೇ ಆಫೀಸು, ಒಂದೇ ವ್ಯಾನು, ಮಧ್ಯಾಹ್ನದ ಡಬ್ಬಿಗಳು ದಿನಾ ಅದಲುಬದಲು.

ನಮ್ಮ ಕೆಲಸದಲ್ಲಿ ಇನ್ನೊಂದು ನಿಯಮವಿದೆ. ಬರೆದದ್ದು ತಪ್ಪಾದರೆ ಅಳಿಸಬಾರದು, ಗೀಚಬಾರದು. ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರುವಂತಿರಬೇಕು, ಪಕ್ಕದಲ್ಲಿ ಗೆರೆ ಎಳೆದವರ ಸಹಿ ಇರಬೇಕು. ಸಹಿ ಇಲ್ಲದ ಗೆರೆಗೆ ಬೆಲೆಯಿಲ್ಲ. ನಾವಿಬ್ಬರೂ ಈ ನಿಯಮವನ್ನು ಎಷ್ಟು ಮೈಗೂಡಿಸಿಕೊಂಡಿದ್ದೆವೆಂದರೆ ಮನೆಯ ಕಿರಾಣಿ ಚೀಟಿಯಲ್ಲೂ ತೊಗರಿಬೇಳೆಯ ಪಕ್ಕ ಸಹಿ ಹಾಕುತ್ತಿದ್ದೆವು.

ಈ ದೇಶದ ಸೇತುವೆಗಳ ಬಗ್ಗೆ ನನಗೆ ಗೌರವವಿದೆ, ಆದರೆ ಪ್ರೀತಿ ಹುಟ್ಟಲಿಲ್ಲ. ನೆಲವೇ ಚಪಾತಿಯ ಹಾಗಿರುವಾಗ ಸೇತುವೆಯಾದರೂ ಏನು ಮಾಡೀತು? ಕಾಲುವೆಯ ಮೇಲೆ ಮಂಡಿಯೂರಿ ಕೂತಿರುತ್ತದೆ, ದೋಣಿ ಬಂದರೆ ಎದ್ದು ದಾರಿ ಬಿಡುತ್ತದೆ. ನನಗೆ ಬೇಕಾಗಿದ್ದದ್ದು ಕಣಿವೆ ದಾಟುವ ಸೇತುವೆ. ಅದಕ್ಕೆ ಫ್ರಾನ್ಸಿಗೇ ಹೋಗಬೇಕು. ಶೋಮೋಂ ಊರಿನಲ್ಲಿ ಮೂರಂತಸ್ತಿನ ಕಮಾನುಗಳ ಮೇಲೆ ರೈಲು ಓಡುತ್ತದೆ. ಗಾರಾಬಿಯಲ್ಲಿ ಕೆಂಪು ಬಣ್ಣದ ಕಬ್ಬಿಣದ ಕಮಾನು ನದಿಯನ್ನು ಒಂದೇ ಹೆಜ್ಜೆಯಲ್ಲಿ ದಾಟುತ್ತದೆ. ದಕ್ಷಿಣದ ಪೋಂ ದ್ಯು ಗಾರ್‌ನಲ್ಲಿ ರೋಮನ್ನರು ನೀರು ಸಾಗಿಸಲು ಕಟ್ಟಿದ ಕಲ್ಲಿನ ಸಾಲಿದೆ, ಅಟ್ಟಣಿಗೆ ಊರಲೆಂದು ಅವರು ಹೊರಚಾಚಿ ಬಿಟ್ಟ ಕಲ್ಲುಗಳು ಇಂದಿಗೂ ಹಾಗೇ ಇವೆಯಂತೆ. ಕಾಓರ್‌ನಲ್ಲಿ ದೆವ್ವದ ಕತೆಯಿರುವ ಸೇತುವೆ. ಕೊನೆಯದು ಮಿಯೊ. ಏಳು ಕಂಬ, ಮೇಲೆ ಹಡಗಿನ ಪಟಗಳಂತೆ ಹರಡಿದ ಉಕ್ಕಿನ ಹಗ್ಗಗಳು. ಬೆಳಗ್ಗೆ ಮಂಜು ಬಿದ್ದರೆ ಅದರ ರಸ್ತೆ ಮೋಡದ ಮೇಲೆ ನಿಲ್ಲುತ್ತದೆ.

ಈ ಐದಕ್ಕೂ ನಾನೊಂದು ಪುಸ್ತಕ ಮಾಡಿದ್ದೆ. ಹಳದಿ ರಟ್ಟಿನದು, ಆಫೀಸಿನದಲ್ಲ, ನಮ್ಮದು. ಯಾರೂ ಇಣುಕಿ ಓದದಿರಲಿ ಎಂದು ಪೂರ್ತಿ ಕನ್ನಡದಲ್ಲಿ. ಯಾವ ಗುಡ್ಡದಿಂದ ಕಂಬಗಳು ಪೂರ್ತಿ ಕಾಣುತ್ತವೆ, ಬಿಸಿಲು ಯಾವ ಹೊತ್ತಿಗೆ ಯಾವ ಮುಖಕ್ಕೆ ಬೀಳುತ್ತದೆ, ಕಾರು ಎಲ್ಲಿ ನಿಲ್ಲಿಸಬೇಕು, ಎಲ್ಲ ಬರೆದಿದ್ದೆ. ಪ್ರತಿ ಸೇತುವೆಯ ಪುಟದ ಮೇಲ್ಗಡೆ ಮೊದಲೇ ತುಂಬಿಯೂ ಇಟ್ಟಿದ್ದೆ. ನೋಡಿದವರು: ನನ್ನ ಹೆಸರು. ಬರೆದವರು: ಅವಳ ಹೆಸರು.

ಮೂರು ವರ್ಷದ ಹಿಂದೆ ನನ್ನ ಕಣ್ಣು ಕೈಕೊಡಲು ಶುರುಮಾಡಿತು. ಎದುರಿಗಿದ್ದದ್ದು ಚೆನ್ನಾಗಿ ಕಾಣುತ್ತದೆ, ಓದಲು ತೊಂದರೆಯಿಲ್ಲ, ಆದರೆ ಅಂಚುಗಳು ಒಳಗೆ ಸರಿಯುತ್ತಿವೆ. ಕಾರು ಓಡಿಸಬೇಡಿ ಎಂದರು ಡಾಕ್ಟರು. ಸುತ್ತಿಗೆ ಕೆಳಗಿಟ್ಟು ಆಫೀಸಿನಲ್ಲಿ ಕೂತು ಫೋಟೊಗಳನ್ನು ಪರಿಶೀಲಿಸುವ ಕೆಲಸಕ್ಕೆ ಬಂದೆ. ನನ್ನ ಗಂಡ ಇಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಸೈಕಲ್ಲಿಗೇ ಶರಣಾದ ಮನುಷ್ಯ. ಇನ್ನೆಷ್ಟು ದಿನ ಕಣ್ಣು ಕಾಣುತ್ತದೆ ಎಂದು ಕೇಳಿದಾಗ ಡಾಕ್ಟರು, ನೋಡಬೇಕೆಂದು ಇಟ್ಟುಕೊಂಡದ್ದೇನಾದರೂ ಇದ್ದರೆ ಮುಂದೂಡಬೇಡಿ ಎಂದಷ್ಟೇ ಹೇಳಿದರು. ಆ ಮಾತನ್ನು ನಾನು ಮೊದಲು ಹೇಳಿದ್ದು ಗೆಳತಿಗೆ. ಗಂಡನಿಗಿಂತ ಮೊದಲು.

"ಸುಮ್ನಿರೇ," ಅಂದಳು ಕಣ್ಣೊರೆಸಿಕೊಂಡು. "ನಾನ್ ಕಾರ್ ಓಡಿಸ್ತೀನಿ. ಮೇ ತಿಂಗಳ ರಜಕ್ಕೆ ಹೊರಟ್ಬಿಡೋಣ. ನೀನ್ ನೋಡು, ನಾನ್ ಬರೀತೀನಿ."

ಮಾಸ್ಟ್ರಿಕ್ಟ್ ದಾಟಿ ಬೆಲ್ಜಿಯಂ ಹಾದು ಇಳಿಯುವ ದಾರಿಗೆ ಪುಸ್ತಕದ ನಕ್ಷೆಯಲ್ಲಿ ನಾನು ಬಣ್ಣ ಹಚ್ಚಿದೆ. ಹೊರಡಲು ಐದು ದಿನ ಇರುವಾಗ ಅವಳ ಫೋನು ಬಂತು. ಅತ್ತೆ ಮೈಸೂರಿನಿಂದ ದಿಢೀರನೆ ಬರುತ್ತಿದ್ದಾರೆ, ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಹೋಗಿ ಕರೆತರಬೇಕು, ಬಿಟ್ಟುಬರುವಂತಿಲ್ಲ, ಮುಂದಿನ ವರ್ಷ ಖಂಡಿತ. ನನಗೆ ಬೇಜಾರಾಯಿತು, ಸಂಶಯ ಬರಲಿಲ್ಲ. ಅತ್ತೆ ಅಂದಮೇಲೆ ಮುಗಿಯಿತಲ್ಲ! ಪ್ರವಾಸಕ್ಕೆಂದು ಮಾಡಿಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ನಾನೇ ಬಸ್ಸು ಹತ್ತಿ ಹೋಗಿ ಕೊಟ್ಟುಬಂದೆ. ಪ್ರಯಾಣ ಮಾಡಿ ಬಂದವರಿಗೆ ಬಾಯಿಗೆ ರುಚಿಯಾಗಲಿ ಎಂದು. ಅವಳು ಬಾಗಿಲಲ್ಲೇ ಡಬ್ಬಿ ತೆಗೆದುಕೊಂಡಳು.

ಆಗಸ್ಟಿನಲ್ಲಿ ಮುಂದಿನ ವರ್ಷದ ಲೆಕ್ಕ ಹಾಕೋಣವೆಂದು ಹಳದಿ ಪುಸ್ತಕವನ್ನು ಆಫೀಸಿನ ನಮ್ಮಿಬ್ಬರ ಕಪಾಟಿನಿಂದ ತೆಗೆದೆ. ಅದು ಇರಬೇಕಾದ ಜಾಗದಲ್ಲೇ ಇತ್ತು. ಹೊರಗೆ ಒಯ್ದದ್ದನ್ನು ಮರಳಿ ಅದೇ ಜಾಗದಲ್ಲಿಡುವುದು ನಮ್ಮ ಅಭ್ಯಾಸ, ಅವಳು ಅದನ್ನೂ ತಪ್ಪಿರಲಿಲ್ಲ. ಶೋಮೋಂನ ಪುಟದಲ್ಲಿ ತಾರೀಖು, ಗಾಳಿ, ತಾಪಮಾನ, ಒಣ ಹವೆ ಎಂದು ತುಂಬಿತ್ತು. ತಾರೀಖು ಮೇ ತಿಂಗಳದು. ನೋಡಿದವರು ಎಂಬಲ್ಲಿ ನನ್ನ ಹೆಸರಿನ ಮೇಲೆ ನೇರವಾದ ಒಂದೇ ಗೆರೆ, ಪಕ್ಕದಲ್ಲಿ ಅವಳ ಹೆಸರು, ಅವಳ ಸಹಿ. ಬರೆದವರು ಎಂಬಲ್ಲಿ ಅವಳ ಹೆಸರಿನ ಮೇಲೆ ಗೆರೆ, ಪಕ್ಕದಲ್ಲಿ ಹೊರಗಿನ ಕೆಲಸದಲ್ಲಿ ನನ್ನ ಜಾಗಕ್ಕೆ ಬಂದಿದ್ದ ಡಚ್ ಹುಡುಗಿಯ ಹೆಸರು, ಗೆಳತಿಯ ದುಂಡನೆಯ ಕನ್ನಡ ಅಕ್ಷರಗಳಲ್ಲಿ. ಕೆಳಗೆ ಆ ಹುಡುಗಿಯ ವಾಲಿದ ಕೈಬರಹದಲ್ಲಿ ಡಚ್ ಟಿಪ್ಪಣಿ. ಗಾರಾಬಿ, ಕಾಓರ್, ಪೋಂ ದ್ಯು ಗಾರ್, ಮಿಯೊ. ಐದು ಪುಟ, ನನ್ನ ಹೆಸರಿನ ಮೇಲೆ ಐದು ಗೆರೆ. ಬಾಯಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದವಳಿಗೆ ಪುಸ್ತಕದಲ್ಲಿ ಸುಳ್ಳು ಬರೆಯಲು ಕೈ ಬಂದಿರಲಿಲ್ಲ. ನಿಯಮದ ಪ್ರಕಾರ, ಓದಲು ಬರುವಂತೆ ನನ್ನನ್ನು ಹೊಡೆದುಹಾಕಿದ್ದಳು.

ಕಾಓರ್‌ನ ಪುಟದಲ್ಲಿ ಆ ದೆವ್ವದ ಕತೆಯನ್ನು ನಾನೇ ಹಿಂದೆ ಬರೆದಿದ್ದೆ. ಸೇತುವೆ ಮುಗಿಯದೆ ಕಂಗಾಲಾದ ಮೇಸ್ತ್ರಿ ದೆವ್ವದ ಜೊತೆ ಕರಾರು ಮಾಡಿಕೊಳ್ಳುತ್ತಾನೆ. ಹೇಳಿದ ಕೆಲಸವೆಲ್ಲ ದೆವ್ವ ಮಾಡಬೇಕು, ಕೊನೆಗೆ ಮೇಸ್ತ್ರಿಯ ಆತ್ಮ ಅದಕ್ಕೆ. ಸೇತುವೆ ಮುಗಿಯುತ್ತ ಬಂದಾಗ ಮೇಸ್ತ್ರಿ ಅದರ ಕೈಗೆ ಜರಡಿ ಕೊಟ್ಟು ನೀರು ತಾ ಅನ್ನುತ್ತಾನೆ. ದೆವ್ವ ಸೋಲುತ್ತದೆ, ಮೇಸ್ತ್ರಿಯ ಆತ್ಮ ಉಳಿಯುತ್ತದೆ. ಆ ಜಾಣತನಕ್ಕೆ ನಾವಿಬ್ಬರೂ ವ್ಯಾನಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಈಗ ಮೊದಲ ಸಲ ನನಗೆ ದೆವ್ವದ ಮೇಲೆ ಕನಿಕರ ಬಂತು. ಪಾಪ, ಕಲ್ಲು ಹೊತ್ತದ್ದೆಲ್ಲ ಅದು. ಸಿಟ್ಟಿಗೆದ್ದು ಸೇತುವೆಯ ಗೋಪುರದ ಕಲ್ಲು ಕೀಳುತ್ತಿತ್ತಂತೆ. ಕೀಳದೆ ಏನು ಮಾಡೀತು?

ಮರುದಿನ ಕ್ಯಾಂಟೀನಿನಲ್ಲಿ ಅವಳು ಡಚ್ ಮಜ್ಜಿಗೆಗೆ ಉಪ್ಪು ಹಾಕಿ ಕಲಕುತ್ತಿದ್ದಳು. ಪುಸ್ತಕವನ್ನು ಲೋಟದ ಪಕ್ಕ ಇಟ್ಟೆ.

"ನಿಮ್ಮ ಅತ್ತಿಯವ್ರಿಗೆ ಚಟ್ನಿಪುಡಿ ಸೇರಿತೇನ?" ಎಂದು ಕೇಳಿದೆ.

ಚಮಚ ನಿಂತಿತು. "ಅತ್ತೆ ಬರ್ಲೇ ಇಲ್ಲ ಕಣೆ," ಅಂದಳು.

"ಹಂಗಾರ ಪುಡಿ?"

"ದಾರೀಲಿ ತಿಂದ್ವಿ."

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. "ನನ್ನ ಹೆಸರ ಮ್ಯಾಲೆ ಗೀಟ ಎಳಿಯೂ ಮುಂದ ಕೈ ನಡುಗ್ಲಿಲ್ಲೇನ ನಿನಗ? ಡಾಕ್ಟರ್ ಏನಂದ್ರು ಅನ್ನೂದು ಎಲ್ಲಾರಕಿಂತ ಮೊದ್ಲ ನಿನಗ ಹೇಳಿದ್ದೆ."

ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ನಿನ್ ಜೊತೆ ಹೋಗಿದ್ರೆ ನಂಗೆ ಬ್ರಿಡ್ಜ್ ನೋಡಕ್ಕೇ ಆಗ್ತಿರ್ಲಿಲ್ಲ. ನೀನೆಲ್ಲಿ ಎಡವ್ತೀಯೋ, ಎಲ್ಲಿ ಬೀಳ್ತೀಯೋ ಅಂತ ನಿನ್ನನ್ನೇ ನೋಡ್ತಿರ್ಬೇಕಿತ್ತು. ಹತ್ ವರ್ಷ ನೀನ್ ಕೂಗ್ದೆ, ನಾನ್ ತಲೆ ಬಗ್ಗಿಸ್ಕೊಂಡ್ ಬರ್ದೆ. ಒಂದೇ ಒಂದ್ಸಲ ನಂಗೂ ತಲೆ ಎತ್ತಿ ನೋಡ್ಬೇಕು ಅನ್ನಿಸ್ತು ಕಣೆ."

"ಅಷ್ಟ ಹೇಳಿದ್ರ ನಾ ಬ್ಯಾಡ ಅಂತಿದ್ನೇನ? ನಾ ಬರೀತಿದ್ದೆ."

"ನೀನು? ಬರಿಯೋದು?" ಅಂದಳು ಅವಳು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು. ಅದು ಸುಳ್ಳಿಗಿಂತ ಹೆಚ್ಚು ಚುಚ್ಚಿತು. ಹತ್ತು ವರ್ಷದಲ್ಲಿ ಒಂದು ದಿನವಾದರೂ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟಿದ್ದೆನೇ ಎಂದು ಆಮೇಲೆ ಯೋಚಿಸಿದೆ, ಇಲ್ಲ. ಅವಳ ಆಸೆ ನನಗೆ ಅರ್ಥವಾಗುತ್ತದೆ. ಅತ್ತೆಯ ಕತೆ ಅರ್ಥವಾಗುವುದಿಲ್ಲ. ನನ್ನ ಗುಡ್ಡ, ನನ್ನ ಬಿಸಿಲಿನ ಹೊತ್ತು, ನನ್ನ ರೊಟ್ಟಿ ಎಲ್ಲ ಬೇಕಾಯಿತು, ನಾನೊಬ್ಬಳು ಬೇಡವಾದೆ. ಮಜ್ಜಿಗೆ ಅಲ್ಲೇ ಬಿಟ್ಟು ಅವಳು ಎದ್ದುಹೋದಳು. ಅವತ್ತಿನಿಂದ ನಾವು ಕೆಲಸದ ಮಾತು ಬಿಟ್ಟು ಬೇರೆ ಆಡಿಲ್ಲ, ಅದೂ ಇಂಗ್ಲಿಷಿನಲ್ಲಿ.

ಅಕ್ಟೋಬರಿನಲ್ಲಿ ನಾನೊಬ್ಬಳೇ ಹೊರಟೆ. "ಒಬ್ಬಾಕಿನ ಹ್ಯಾಂಗ ಹೋಗ್ತಿ? ನಾನೂ ಬರ್ತೀನಿ," ಎಂದು ಗಂಡ ಎಷ್ಟೋ ಹೇಳಿದರು, ನಾನು ಒಪ್ಪಲಿಲ್ಲ. ಒಬ್ಬಳೇ ಹೋಗಬಲ್ಲೆ ಎಂದು ಯಾರಿಗೆ ತೋರಿಸಬೇಕಿತ್ತೋ ಅವಳಿಗೆ ಅದು ಗೊತ್ತೇ ಆಗದು, ಆದರೂ ಹಠ. ಐದರಲ್ಲಿ ಒಂದನ್ನೇ ಆರಿಸಿಕೊಂಡೆ. ರೈಲುಗಳನ್ನು ಬದಲಿಸಿ, ಬಸ್ಸು ಹಿಡಿದು, ಮಿಯೊ ತಲುಪಿ, ಟ್ಯಾಕ್ಸಿಯವನಿಗೆ ಪುಸ್ತಕದಲ್ಲಿದ್ದ ನಕ್ಷೆ ತೋರಿಸಿದೆ. ಬೆಳಗಿನ ಬಿಸಿಲಿಗೆ ಅವನು ನನ್ನನ್ನು ನನ್ನದೇ ಗುಡ್ಡದ ಮೇಲೆ ಇಳಿಸಿ ಕಾರಿನಲ್ಲಿ ಕೂತ.

ಮಂಜಿರಲಿಲ್ಲ. ಸೇತುವೆ ಪೂರ್ತಿ ಬಯಲಲ್ಲಿತ್ತು, ನನಗೆ ಪೂರ್ತಿ ಕಾಣಲಿಲ್ಲ. ಒಂದು ಕಂಬ ಕಾಣುತ್ತಿತ್ತು, ಕತ್ತು ತಿರುಗಿಸಿದರೆ ಅದರ ಪಕ್ಕದ್ದು. ಕಂಡಷ್ಟು ಚಂದವಿತ್ತು, ಎಷ್ಟು ಚಂದವೆಂದರೆ ಸಿಟ್ಟು ಮರೆತುಹೋಯಿತು. ಗೊತ್ತಿಲ್ಲದೆಯೇ ಹಳೆಯ ದನಿ ಹೊರಬಂತು. "ಒಂದನೇ ಕಂಬ, ಮೂಡಣ ಮುಖ, ಬಿಸಿಲು ಬಿದ್ದದ, ಬಿರುಕಿಲ್ಲ," ಎಂದು ಕಣಿವೆಗೆ ಕೇಳುವಂತೆ ಕೂಗಿದೆ.

ಕೂಗಿ ನಿಂತೆ. ಎರಡನೇ ಕಂಬಕ್ಕೆ ಕಣ್ಣು ಸರಿಯಲಿಲ್ಲ. "ಬರ್ಕೊಂಡೆ" ಅನ್ನುವವರು ಯಾರೂ ಇರಲಿಲ್ಲ, ನಾನು ಮಾತ್ರ ಕಾಯುತ್ತಿದ್ದೆ. ಟ್ಯಾಕ್ಸಿಯವನು ಕಿಟಕಿ ಇಳಿಸಿ ನೋಡಿ ಮತ್ತೆ ಏರಿಸಿದ.

ಕಲ್ಲಿನ ಮೇಲೆ ಕೂತು ಪುಸ್ತಕ ಬಿಚ್ಚಿದೆ. ಆ ಹುಡುಗಿಯ ಟಿಪ್ಪಣಿಯ ಕೆಳಗೆ ಮರುಪರಿಶೀಲನೆ ಎಂದು ಬರೆದೆ. ತಾರೀಖು, ಗಾಳಿ, ಒಣ ಹವೆ. ನೋಡಿದವರು: ನನ್ನ ಹೆಸರು. ಬರೆದವರು ಎಂಬಲ್ಲಿ ಕೈ ತಾನಾಗಿಯೇ ಅವಳ ಹೆಸರು ಬರೆದುಬಿಟ್ಟಿತು. ಅದರ ಮೇಲೆ ಒಂದೇ ಗೆರೆ ಎಳೆದೆ, ನೇರವಾಗಿ, ಓದಲು ಬರುವಂತೆ.

ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ಟ್ಯಾಕ್ಸಿಯವನು ಹಾರ್ನ್ ಹೊಡೆಯುವ ತನಕ ಪೆನ್ನು ಹಿಡಿದು ಕೂತಿದ್ದೆ. ಇವತ್ತಿಗೂ ಹಾಕಿಲ್ಲ.