ನಮ್ಮ ಬೀದಿಯ ಸ್ವೆಟರ್ ಅಕ್ಕ

ಮೊನ್ನೆ ಬೀರು ತೆಗೆದಾಗ ಉಣ್ಣೆಗೆ ಹತ್ತಿದ ನುಸಿಗುಳಿಗೆಯ ವಾಸನೆ ಬಂತು. ಕೂಡಲೇ ಅವರು ನೆನಪಾದರು.

ನಂಜನಗೂಡಿನಲ್ಲಿ ನಮ್ಮ ಮನೆಗೆ ಅಂಟಿಕೊಂಡ ಕೋಣೆಗೆ ಪ್ರತಿ ಚಳಿಗಾಲ ಬಾಡಿಗೆಗೆ ಬರುತ್ತಿದ್ದ ಟಿಬೆಟಿನ ಹೆಂಗಸು. ಕೊಳ್ಳೇಗಾಲದಾಚೆಯ ನಿರಾಶ್ರಿತರ ಕ್ಯಾಂಪು ಅವರದು. ಬಸ್ ಸ್ಟ್ಯಾಂಡ್ ಹತ್ತಿರ ಸ್ವೆಟರ್ ಮಾರುತ್ತಿದ್ದರು. ಸಂತೆಯ ದಿನ ಗಂಟು ಹೊತ್ತು ತಿ. ನರಸೀಪುರಕ್ಕೆ ಹೋಗುತ್ತಿದ್ದರು. ಬೀದಿಗೆಲ್ಲ ಅವರು ಸ್ವೆಟರ್ ಅಕ್ಕ. ನಗುತ್ತಿದ್ದರು, ಬೆಲೆ ಹೇಳುತ್ತಿದ್ದರು, ಸಂಜೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೆಡಿಕಲ್ ಸ್ಟೋರಿನಲ್ಲಿ ನಿದ್ದೆಯ ಮಾತ್ರೆ ಕೇಳುವುದನ್ನು ನಾನೇ ಕಂಡಿದ್ದೆ.

ನಾನು ಸೊಸೆಯಾಗಿ ಬಂದ ವರ್ಷ, ಒಂದು ಬೆಳಿಗ್ಗೆ ಆ ಬಾಗಿಲು ತೆರೆಯಲೇ ಇಲ್ಲ. ಅತ್ತೆ ತಟ್ಟಿದರು. ಒಳಗೆ ಅಕ್ಕ ಗಂಟುಗಳ ನಡುವೆ ಕೂತಿದ್ದರು.

"ಅಮ್ಮ ಹೋಯ್ತು. ಅಲ್ಲಿ, ಟಿಬೆಟಲ್ಲಿ. ಫೋನ್ ಬಂತು," ಅಂದರು.

ಅತ್ತೆ ಅಲ್ಲೇ ಅವರ ಪಕ್ಕ ಕೂತುಬಿಟ್ಟರು. "ಬೀದಿಯವರ್ನೆಲ್ಲ ಕರ್ಕ ಬಾ ಓಗವ್ವ," ಎಂದು ನನ್ನನ್ನು ಕಳಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಯಾರೋ ಕಾಫಿ ತಂದರು, ಯಾರೋ ಗಂಜಿ. ಸತ್ತವರನ್ನು ಅವರ್ಯಾರೂ ಕಂಡವರಲ್ಲ. ಎದುರುಮನೆ ಅಜ್ಜಿ ಮೆಲ್ಲಗೆ ಕೇಳಿದರು: "ಎಂಗಿದ್ರವ್ವ ನಿಮ್ಮವ್ವ?"

ಅಕ್ಕ ಮಾತಾಡತೊಡಗಿದರು... ತುಂಡು ತುಂಡು ಕನ್ನಡದಲ್ಲಿ. ಚಿಕ್ಕವರಿದ್ದಾಗ ತಾಯಿ ಅವರನ್ನು ಗಡಿ ದಾಟುವ ಗುಂಪೊಂದಕ್ಕೆ ಒಪ್ಪಿಸಿದ್ದರಂತೆ. ಹಿಮದ ಬೆಟ್ಟದ ಬುಡದವರೆಗೂ ಜೊತೆಗೆ ಬಂದು, ಬಂದ ದಾರಿಯಲ್ಲೇ ನಡೆದುಬಿಟ್ಟರಂತೆ.

"ಅಮ್ಮ ತಿರುಗಿ ನೋಡಿಲ್ಲ. ನೋಡಿದ್ರೆ ನಾನು ಹೋಗಲ್ಲ, ಅಮ್ಮಂಗೆ ಗೊತ್ತು."

ತಾಯಿ ಮಗಳು ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ.

ಆಮೇಲೆ ಅಕ್ಕ ಕಾಲುಚೀಲ ಕಳಚಿದರು. ಬಲಗಾಲಿನಲ್ಲಿ ಬೆರಳುಗಳಿರಲಿಲ್ಲ, ಹಿಮಕ್ಕೆ ಕೊಳೆತು ಹೋಗಿದ್ದವು. ಆ ಕಾಲಿನಲ್ಲಿ ಒಂದು ಮಗು ಬೆಟ್ಟ ಇಳಿದಿತ್ತು. ಆ ಕಾಲಿನಲ್ಲೇ ಅವರು ನಮ್ಮೂರ ರಸ್ತೆಯಲ್ಲಿ ದಿನವಿಡೀ ನಿಲ್ಲುತ್ತಿದ್ದರು. ಎದುರುಮನೆ ಅಜ್ಜಿ ಆ ಪಾದವನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು. ಗರ್ಭಗುಡಿಯ ಮುಂದೆ ನಿಂತಾಗಲೂ ನನಗೆ ಹಾಗೆ ಮೈ ಜುಮ್ಮೆಂದಿದ್ದಿಲ್ಲ.

ಮರುದಿನ ಅತ್ತೆ ಅವರನ್ನು ಕಪಿಲೆಗೆ ಕರೆದೊಯ್ದು ಹೆತ್ತವಳ ಹೆಸರಿನಲ್ಲಿ ನೀರು ಬಿಡಿಸಿದರು. ಅಕ್ಕ ತಮ್ಮ ಕ್ರಮದಂತೆ ದಡದಲ್ಲಿ ದೀಪ ಹಚ್ಚಿ, ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು. ನಾವೂ ಕೈ ಮುಗಿದೆವು.

ಅಂದಿನಿಂದ ಸಂಜೆ ಆ ಬಾಗಿಲು ತೆರೆದೇ ಇರುತ್ತಿತ್ತು. ನಿದ್ದೆ ಬರುತ್ತೆ, ಮಾತ್ರೆ ಬಿಟ್ಟೆ ಅಂದರು. ಒಮ್ಮೆ ನಮ್ಮ ಜೊತೆ ಅವರೆಕಾಳು ಹಿಚುಕುತ್ತಾ ಹೇಳಿದರು: "ಕ್ಯಾಂಪಲ್ಲಿ ಎಲ್ಲರ ಮನೇಲೂ ಇದೇ ಕಥೆ. ಅದಕ್ಕೆ ಯಾರೂ ಕೇಳಲ್ಲ. ನೀವು ಕೇಳಿದ್ರಿ."

ಎಷ್ಟೋ ಚಳಿಗಾಲ ಬಂದರು. ಆಮೇಲೆ ವ್ಯಾಪಾರ ಬಿಟ್ಟರು, ಫೋನೂ ಕಡಿಮೆಯಾಯಿತು... ಈ ವರ್ಷ ಅವರ ಮಗಳು ಮನೆ ಹುಡುಕಿಕೊಂಡು ಬಂದಳು. ಅಕ್ಕ ತೀರಿಹೋಗಿ ತಿಂಗಳು ಕಳೆದಿತ್ತು.

"ಆಸ್ಪತ್ರೇಲಿ ನರ್ಸು ನಿಮ್ಮೂರು ಯಾವುದಮ್ಮ ಅಂತ ಕೇಳಿದ್ರು," ಎಂದಳು ಮಗಳು. "ಅಮ್ಮ ನಂಜನಗೂಡು ಅಂದ್ರು. ನಾನು ತಿದ್ದಲಿಲ್ಲ."

ಅತ್ತೆಗೆ ಈಗ ಕಣ್ಣು ಮಂಜು. ಬಹಳ ಹೊತ್ತು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.

"ಸರಿಯಾಗೇ ಯೋಳವ್ಳೆ," ಅಂದರು.